ಬಾಣಾವರದ ಬಿಸಿಲಿಗೆ ಲೆಕ್ಕ ಕೊಡೋಣ



ಬಾಣಾವರ, ಜಾವಗಲ್, ಕಣಕಟ್ಟೆ ಹೋಬಳಿಗಳ ನಮ್ಮ ಸೀಮೆಗೆ ನೀರಿನ ಬಡತನ ಉಂಟು, ಬಿಸಿಲಿನ ಬಡತನ ಇಲ್ಲ. ಈ ಬಯಲಿನ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸರಾಸರಿ 5 ಯೂನಿಟ್ ವಿದ್ಯುತ್ತಿಗೆ ಸಮನಾದ ಬಿಸಿಲು ಬೀಳುತ್ತದೆ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 20,000 ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದಾಗ ತಿಂಗಳಿಗೆ 200 ಯೂನಿಟ್ ಎಂಬುದನ್ನು ಮನೆಮನೆಯಲ್ಲೂ ಬಾಯಿಪಾಠ ಮಾಡಿಕೊಂಡೆವು, ಮೀಟರಿನ ಮುಂದೆ ನಿಂತು ಇಣುಕಿ ನೋಡಿದೆವು. ಅದರ ನೂರು ಪಟ್ಟು ಶಕ್ತಿ ಒಂದೊಂದು ಎಕರೆಯ ಮೇಲೂ ದಿನದಿನ ಇಳಿಯುತ್ತಿದೆ, ಬಿಲ್ಲಿಲ್ಲದೆ. ಅದು ಎಲ್ಲಿಗೆ ಹೋಗುತ್ತಿದೆ? ಯಾರು ಹಿಡಿದರು, ಯಾರು ಉಂಡರು, ಯಾರ ಪಾಲನ್ನು ಯಾರು ಕಿತ್ತುಕೊಂಡರು? ಈ ಲೆಕ್ಕವನ್ನು ಇದುವರೆಗೆ ನಮ್ಮನ್ನು ಯಾರೂ ಕೇಳಿಲ್ಲ. ನಾವೇ ಕೇಳಿಕೊಳ್ಳಬೇಕಾದ ಕಾಲ ಬಂದಿದೆ.

ಬಿಸಿಲನ್ನು ಹಿಡಿದು ಅನ್ನ ಮಾಡುವ ವಿದ್ಯೆ ನಮಗೆ ಬಾರದು. ಹಸಿರಿಗೆ ಮಾತ್ರ ಬರುತ್ತದೆ. (ಸೋಲಾರ್ ಫಲಕವೂ ಹಿಡಿಯುತ್ತದಲ್ಲ ಎನ್ನುವಿರಿ. ಹಿಡಿಯುತ್ತದೆ, ಆದರೆ ಅದನ್ನು ಹಸು ಮೇಯುವುದಿಲ್ಲ.) ಮಳೆ ಬಿದ್ದು ಹುಲ್ಲು ಎದ್ದು ನಿಂತ ದಿನಗಳಲ್ಲೂ ಅದಕ್ಕೆ ದಕ್ಕುವುದು ಬಿದ್ದ ಬಿಸಿಲಿನಲ್ಲಿ ಹೆಚ್ಚೆಂದರೆ ನೂರಕ್ಕೆ ಒಂದು ಪಾಲು. 20,000ಕ್ಕೆ 200. ಆ ಇನ್ನೂರರಲ್ಲಿ ಮೇಯುವ ಜೀವದ ಮೈಯಾಗಿ ನಿಲ್ಲುವುದು ಸುಮಾರು ಹತ್ತರಲ್ಲೊಂದು, ಅಂದರೆ 20. ಮೇದದ್ದನ್ನು ಹಿಡಿದು ತಿನ್ನುವ ತೋಳದ ಮೈಗೆ ಸೇರುವುದು 2. ಉಳಿದದ್ದರಲ್ಲಿ ಬಹಳಷ್ಟು ಉಸಿರಾಟಕ್ಕೆ, ಓಡಾಟಕ್ಕೆ, ಮೈಬಿಸಿಗೆ ಖರ್ಚಾಗಿ ಗಾಳಿಗೆ ಸೇರುತ್ತದೆ. ಹಾಗೆ ಹೋದದ್ದನ್ನು ಯಾವ ಸಸ್ಯವೂ ಮತ್ತೆ ಹಿಡಿದು ತರಲಾರದು.

ಅಮೆರಿಕದ ಮಿನೆಸೋಟದಲ್ಲಿ ಒಂದು ಸಣ್ಣ ಕೆರೆಯ ಪಾಚಿ, ಹುಳ, ಮೀನುಗಳನ್ನು ವರ್ಷಗಟ್ಟಲೆ ಅಳೆದು ಈ ಏಣಿಯ ಲೆಕ್ಕವನ್ನು ಮೊದಲು ಬರೆದಿಟ್ಟವನು ರೇಮಂಡ್ ಲಿಂಡೆಮನ್. 1942ರಲ್ಲಿ ಅವನ ಲೇಖನ ಪೂರ್ತಿಯಾಗಿ ಬೆಳಕು ಕಾಣುವಷ್ಟರಲ್ಲಿ ಅವನೇ ಇರಲಿಲ್ಲ. 26ನೇ ವಯಸ್ಸಿಗೆ ತೀರಿಕೊಂಡಿದ್ದ. ಹತ್ತರಲ್ಲೊಂದು ಎಂಬುದು ಶಿಲಾಶಾಸನವಲ್ಲ, ಜೀವಿಯಿಂದ ಜೀವಿಗೆ ಏರಿಳಿತ ಇದ್ದೇ ಇದೆ. ಆದರೆ ಏಣಿ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ ಎಂಬುದರಲ್ಲಿ ಏರಿಳಿತವಿಲ್ಲ. ನಮ್ಮವರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳ ಬೆನ್ನುಹತ್ತಿ ತೋರಿಸಿಕೊಟ್ಟದ್ದೂ ಇದನ್ನೇ: ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳನ್ನು ತಿನ್ನುತ್ತದೆ, ಅಷ್ಟು ತಿಂದೂ ಹಿಂಡು ಕರಗದಿರಬೇಕಾದರೆ ಅದರ ಸೀಮೆಯಲ್ಲಿ ಸುಮಾರು 500 ಪ್ರಾಣಿಗಳು ಮೇಯುತ್ತಿರಬೇಕು. ಆ ಐನೂರರ ಅಡಿಯಲ್ಲಿ ಎಷ್ಟು ಹುಲ್ಲು, ಎಷ್ಟು ಸೊಪ್ಪು ಇರಬೇಕೆಂದು ನೀವೇ ಊಹಿಸಿಕೊಳ್ಳಿ.

ಬಾಣಾವರದಿಂದ ಜಾವಗಲ್ ಮೇಲೆ ಹಳೇಬೀಡು, ಬೇಲೂರಿಗೆ ಹೋಗುವ ದಾರಿ ನಮಗೆಲ್ಲ ಗೊತ್ತು. ಬೇಲೂರಿನ ಗುಡಿಯ ಬಾಗಿಲಲ್ಲಿ ಕಲ್ಲಿನ ಸಳ ಇವತ್ತಿಗೂ ಮೃಗವೊಂದನ್ನು ಇರಿಯುತ್ತಲೇ ಇದ್ದಾನೆ. ಏಣಿಯ ತುದಿಯಲ್ಲಿದ್ದ ಮೃಗವನ್ನು ಕೊಂದದ್ದೇ ಹೊಯ್ಸಳ ರಾಜ್ಯದ ಲಾಂಛನವಾಯಿತು. 2023ರಲ್ಲಿ ಆ ಗುಡಿಗಳು ಯುನೆಸ್ಕೊ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಸಳನ ಕಾಲದಲ್ಲಿ ಕಾಡು ಹೆಚ್ಚು, ಮನುಷ್ಯರು ಕಡಿಮೆ. ಅವನನ್ನು ಈಗ ಕಟಕಟೆಗೆ ಎಳೆಯುವುದು ನ್ಯಾಯವಲ್ಲ. ನಮ್ಮ ಕೆಲಸ ಅವನದಕ್ಕಿಂತ ಕೆಟ್ಟದ್ದು. ಅವನು ತುದಿಯನ್ನು ಇರಿದ, ನಾವು ಬುಡವನ್ನು ಇರಿಯುತ್ತಿದ್ದೇವೆ.

ಬುಡ ಎಂದರೆ ನಮ್ಮಲ್ಲಿ ಹುಲ್ಲು. ಮಲೆನಾಡಿಗೆ ಕಾಡು ಹೇಗೋ ಹಾಗೆ ಈ ಬಯಲುಸೀಮೆಗೆ ಕಾವಲು, ಅಂದರೆ ದನ ಮೇಯುವ ಹುಲ್ಲುಗಾವಲು. ಅರಸೀಕೆರೆ, ಕಡೂರು, ಅಜ್ಜಂಪುರ, ತಿಪಟೂರು, ಚಿಕ್ಕನಾಯಕನಹಳ್ಳಿ, ಚಳ್ಳಕೆರೆಯವರೆಗೆ ಹರಡಿದ್ದ ಅಮೃತಮಹಲ್ ಕಾವಲುಗಳನ್ನು ನಮ್ಮ ಹಿರಿಯರು ಬೀಳು ಎಂದು ಬಿಟ್ಟದ್ದಲ್ಲ, ಬೇಕೆಂದೇ ಇಟ್ಟದ್ದು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಮಳೆಗಾಲಕ್ಕೆ ಒಂದು ಕಾವಲು, ಚಳಿಗಾಲಕ್ಕೆ ಇನ್ನೊಂದು, ಬೇಸಿಗೆಗೆ ಕೆರೆಯಂಗಳದ ಪಕ್ಕದ್ದು ಮತ್ತೊಂದು. ದನಗಳು ಸುತ್ತುತ್ತಿದ್ದವು, ಹುಲ್ಲು ದಣಿವಾರಿಸಿಕೊಳ್ಳುತ್ತಿತ್ತು. ಆ ಹುಲ್ಲು ಹಿಡಿದ ಬಿಸಿಲೇ ಎತ್ತಿನ ರಟ್ಟೆಯಾಗಿ ಹೈದರ್, ಟಿಪ್ಪುವಿನ ಫಿರಂಗಿಗಳನ್ನು ಎಳೆಯಿತು. ಆಮೇಲೆ ಅವರನ್ನು ಸೋಲಿಸಿದವರ ಫಿರಂಗಿಗಳನ್ನೂ ಎಳೆಯಿತು. ಎತ್ತಿಗೆ ಪಕ್ಷವಿಲ್ಲ.

ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲಿನಲ್ಲಿ ಈಗ ಐದರಲ್ಲಿ ಒಂದು ಪಾಲೂ ಉಳಿದಿಲ್ಲ. ಒಬ್ಬನೇ ಕಳ್ಳ ಬಂದು ಹೊತ್ತುಕೊಂಡು ಹೋಗಿದ್ದರೆ ಹಿಡಿಯಬಹುದಿತ್ತು. ಹಾಗಾಗಲಿಲ್ಲ. ಸ್ವಲ್ಪ ದರಖಾಸ್ತಿಗೆ ಹೋಯಿತು, ಸ್ವಲ್ಪ ಬಗರ್‌ಹುಕುಂ ಆಯಿತು, ಸ್ವಲ್ಪ ನೀಲಗಿರಿ, ಅಕೇಶಿಯ ನೆಡುತೋಪಾಯಿತು, ಸ್ವಲ್ಪಕ್ಕೆ ಸೈಟಿನ ಕಲ್ಲು ನೆಟ್ಟರು. ಚಳ್ಳಕೆರೆಯಲ್ಲಿ ದೇಶದ ದೊಡ್ಡ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆಂದು ಸುಮಾರು 10,000 ಎಕರೆ ಬಿಟ್ಟುಕೊಟ್ಟರು. ಕುರಿ ಮೇಯಿಸುವವರು ಒಂದು ಬೆಳಿಗ್ಗೆ ಹೋಗಿ ನೋಡಿದರೆ ದಾರಿಗಡ್ಡ ಗೋಡೆ. ವಿಜ್ಞಾನ ಬೇಡವೆನ್ನುವ ದಡ್ಡತನ ನನಗಿಲ್ಲ. ಆದರೆ ಹಸಿರು ಹುಲ್ಲು ನಿಂತ ನೆಲವನ್ನು ಖಾಲಿ ಜಾಗ ಎಂದು ನಕ್ಷೆಯಲ್ಲಿ ಗುರುತಿಸುವವರು, ಅವರು ಎಷ್ಟೇ ಓದಿದವರಿರಲಿ, ಶಕ್ತಿಯ ಮೊದಲ ಪಾಠವನ್ನು ಬಿಟ್ಟು ಮುಂದಿನ ಪುಟ ತಿರುವಿದವರು.

ಪಕ್ಕದ ಕಡೂರು ತಾಲೂಕಿನ ಬಾಸೂರು ಕಾವಲು ನಮ್ಮ ಕಣ್ಣೆದುರಿಗೆ ಉಳಿದಿರುವ ಸಾಕ್ಷಿ. ಸುಮಾರು 1,800 ಎಕರೆ. 2011ರಲ್ಲಿ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದರು. ಅಲ್ಲಿ ಕೃಷ್ಣಮೃಗಗಳಿವೆ. ಚಳಿಗಾಲದಲ್ಲಿ ಸಂಜೆಯ ಹೊತ್ತಿಗೆ ಸೆಳೆವ ಎಂಬ ಬೇಟೆಹಕ್ಕಿಗಳು ಬಂದು ಹುಲ್ಲಿನ ನಡುವೆ, ನೆಲದ ಮೇಲೇ ರಾತ್ರಿ ಕಳೆಯುತ್ತವೆ. ಇವು ನಮ್ಮೂರ ಹಕ್ಕಿಗಳಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಭಾರತಕ್ಕೆ ಬರುವ ಸೆಳೆವಗಳ ಬೆನ್ನಿಗೆ ಉಪಗ್ರಹದ ಪಟ್ಟಿ ಕಟ್ಟಿ ಬಿಟ್ಟಾಗ, ಅವು ಚಳಿಗಾಲ ಕಳೆದ ಮೇಲೆ ಕಜಾಕಿಸ್ತಾನದ ಹುಲ್ಲುಬಯಲಿಗೆ ಮರಳುವುದು ತಿಳಿದುಬಂತು. ಹಿಡಿದು ತಿನ್ನುವುದರಲ್ಲಿ ಹೆಚ್ಚಿನ ಪಾಲು ಏನು ಗೊತ್ತೇ? ಮಿಡತೆ. ನಮ್ಮ ಬಯಲಿನ ಬಿಸಿಲು ಹುಲ್ಲಾಗಿ, ಹುಲ್ಲು ಮಿಡತೆಯಾಗಿ, ಮಿಡತೆ ರೆಕ್ಕೆಯ ಬಲವಾಗಿ ಸಾವಿರಾರು ಕಿಲೋಮೀಟರ್ ಆಚೆಯ ಇನ್ನೊಂದು ದೇಶದಲ್ಲಿ ಮೊಟ್ಟೆ ಇಡುತ್ತದೆ. ಅಷ್ಟು ದೂರದಿಂದ ಅವು ನಮ್ಮನ್ನು ನಂಬಿ ಬರುತ್ತವೆ. ಕಾವಲು ಉತ್ತು ಕೆಡವಿದ ವರ್ಷ ಬಂದ ಹಕ್ಕಿ ಎಲ್ಲಿ ಇಳಿಯಬೇಕು?

ಇಲ್ಲಿ ಒಂದು ಮಾತು ಒರಟಾಗಿಯೇ ಹೇಳುತ್ತೇನೆ. ಜೂನ್ ಬಂದರೆ ಬ್ಯಾನರ್ ಕಟ್ಟಿ, ಹುಲ್ಲಿನ ಬಯಲಿಗೆ ಗುಂಡಿ ತೋಡಿ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಪುಣ್ಯದ ಕೆಲಸವಲ್ಲ. ರಸ್ತೆ ಬದಿಗೆ ನೆಡಿ. ತುಮಕೂರು-ಶಿವಮೊಗ್ಗ ಹೆದ್ದಾರಿ ಅಗಲ ಮಾಡಲು ನೆರಳಿನ ಸಾಲುಮರ ಕಳೆದುಕೊಂಡ ಕಡೆಯೆಲ್ಲ ನೆಡಿ, ಶಾಲೆಯ ಅಂಗಳದಲ್ಲಿ ನೆಡಿ, ಹೊಲದ ಬದುವಿನಲ್ಲಿ ಹೊಂಗೆ, ಬೇವು ನೆಡಿ. ಕಾವಲಿಗೆ ಮಾತ್ರ ಗುದ್ದಲಿ ಹಾಕಬೇಡಿ. ನೀಲಗಿರಿ ನೆಟ್ಟದ್ದು ತಪ್ಪೆಂದು ಸರ್ಕಾರಕ್ಕೆ ತಿಳಿದು ಹೊಸದಾಗಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಎಷ್ಟು ಹುಲ್ಲು ಅದರ ನೆರಳಲ್ಲಿ ಸತ್ತಿತ್ತು! ಹಾಗೆಯೇ ಮಾರ್ಚ್ ತಿಂಗಳಲ್ಲಿ ಗುಡ್ಡಕ್ಕೆ ಬೆಂಕಿ ಇಡುವವರು: ಹಿರೇಕಲ್ಲುಗುಡ್ಡದ ಕರಡಿ ಗೆದ್ದಲು ತಿಂದು ಬದುಕುವ ಪ್ರಾಣಿ, ಗೆದ್ದಲಿಗೆ ಬೇಕಾದದ್ದು ಒಣ ಹುಲ್ಲು, ಒಣ ಕಡ್ಡಿ. ಬೀಡಿ ಕಿಡಿಯೋ, ಹೊಸ ಚಿಗುರಿನ ಆಸೆಯೋ, ಒಂದು ಮಧ್ಯಾಹ್ನದಲ್ಲಿ ವರ್ಷದ ಬಿಸಿಲನ್ನೇ ಹೊಗೆ ಮಾಡಿ ಕಳಿಸಿಬಿಡುತ್ತೇವೆ. ಆಮೇಲೆ ಕರಡಿ ಊರಿಗೆ ಬಂತು ಎಂದು ಕೂಗು.

ಈಗ ನಮ್ಮ ತೋಟದೊಳಕ್ಕೆ ಬನ್ನಿ. ಇದು ಮನಸ್ಸಿಗೆ ನಾಟುವ ವಿಚಾರ, ಕೋಪ ಮಾಡಿಕೊಳ್ಳಬೇಡಿ.

ತೆಂಗು ಬಿಸಿಲಿನ ಬೆಳೆ. ಇಲ್ಲಿನ ಒಣ ಹವೆಗೇ ಅಟ್ಟದ ಮೇಲೆ ಕಾಯಿ ನಿಧಾನಕ್ಕೆ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರು, ಅರಸೀಕೆರೆ ಮಾರುಕಟ್ಟೆಯಿಂದ ಉತ್ತರ ಭಾರತದ ಮದುವೆ ಮನೆಗಳವರೆಗೆ ಹೋಗುತ್ತದೆ. ಒಳ್ಳೆಯದೇ. ಆದರೆ ಕೊಬ್ಬರಿಯ ಜೊತೆಗೆ ಇನ್ನೇನೇನು ತೋಟ ಬಿಟ್ಟು ಹೋಗುತ್ತಿದೆ ನೋಡಿ. ಶಕ್ತಿ ಒಂದೇ ದಿಕ್ಕಿಗೆ ಹರಿಯುವಂಥದ್ದು, ಹೋದರೆ ನಾಳೆ ಸೂರ್ಯ ಮತ್ತೆ ಕೊಡುತ್ತಾನೆ. ಮಣ್ಣಿನ ಸಾರ ಹಾಗಲ್ಲ. ಅದು ಸುತ್ತಬೇಕು, ಬೇರಿನಿಂದ ಗರಿಗೆ, ಗರಿಯಿಂದ ಮಣ್ಣಿಗೆ, ಮಣ್ಣಿನಿಂದ ಮತ್ತೆ ಬೇರಿಗೆ. ಆ ಚಕ್ರವನ್ನು ತಿರುಗಿಸುವ ಕೂಲಿಗಳು ಎರೆಹುಳು, ಗೆದ್ದಲು, ಅಣಬೆ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳು. ಅವರ ಕೂಲಿ ಏನು? ಉದುರಿದ ಗರಿ, ಎಡೆಮಟ್ಟೆ, ಕಾಯಿಸಿಪ್ಪೆಯಲ್ಲಿ ಉಳಿದಿರುವ ಬಿಸಿಲು. ನಾವು ಸಿಪ್ಪೆಯನ್ನು ಲಾರಿಗೆ ತುಂಬಿ ಕಳಿಸುತ್ತೇವೆ; ಅದರಲ್ಲಿ ತೋಟದ ಪೊಟ್ಯಾಷ್ ಇದೆ. ಗರಿ, ಎಡೆಮಟ್ಟೆ ರಾಶಿ ಹಾಕಿ ಕಡ್ಡಿ ಗೀರುತ್ತೇವೆ, ತೋಟ ಚೊಕ್ಕಟವಾಯಿತು ಎನ್ನುತ್ತೇವೆ. ಕೂಲಿ ಸಿಗದ ಮೇಲೆ ಕೂಲಿಯವರು ಇರುತ್ತಾರೆಯೇ? ಆಮೇಲೆ ಚೀಲದ ಗೊಬ್ಬರ ತಂದು ಸುರಿದು, ಮರ ಏಕೋ ಸೊರಗುತ್ತಿದೆ ಎಂದು ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋನ್ ಮಾಡುತ್ತೇವೆ. ಬಿತ್ತನೆಗೆ ಇಟ್ಟ ರಾಗಿಯನ್ನೇ ಬೀಸಿ ಮುದ್ದೆ ಮಾಡಿ ಉಂಡ ಮನೆ ನಮ್ಮದು.

ಮತ್ತೆ ನೀರು. ಸಾವಿರ ಅಡಿ ಕೊರೆಸಿ, ಸಾಲದೆ ಮತ್ತೂ ಕೊರೆಸಿದವರು ಹೋಬಳಿಯಲ್ಲಿ ಎಷ್ಟು ಮಂದಿ ಇದ್ದೀರೆಂದು ನಿಮಗೇ ಗೊತ್ತು. 10 ಎಚ್‌ಪಿ ಮೋಟಾರು ಏಳು ಗಂಟೆ ಓಡಿದರೆ 50 ಯೂನಿಟ್ ದಾಟುತ್ತದೆ. 10 ಎಚ್‌ಪಿ ತನಕ ರೈತರಿಗೆ ಬಿಲ್ಲಿಲ್ಲ, ಹಾಗಾಗಿ ಲೆಕ್ಕವೂ ಇಲ್ಲ. ಆ ಕರೆಂಟಿನಲ್ಲಿ ಒಂದು ಪಾಲು ರಾಯಚೂರಿನ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಉರಿಸಿ ಬಂದದ್ದು. ಕಲ್ಲಿದ್ದಲು ಎಂದರೇನು? 25 ಕೋಟಿ ವರ್ಷಕ್ಕೂ ಹಿಂದೆ ಯಾವುದೋ ಜವುಗು ಕಾಡು ಹಿಡಿದಿಟ್ಟ ಬಿಸಿಲು. ಮೂರು ಪಾಲು ಉರಿಸಿದರೆ ಕರೆಂಟಾಗಿ ಸಿಗುವುದು ಒಂದೇ ಪಾಲು. ಮಿಕ್ಕೆರಡು ಶಾಖವಾಗಿ ಹೋಗುತ್ತದೆ, ಇಂಗಾಲ ಆಕಾಶ ಸೇರುತ್ತದೆ. ಅಂತೂ ಇವತ್ತಿನ ಬಿಸಿಲಿನಲ್ಲಿ ಬೆಳೆಯಬೇಕಾದ ಮರವನ್ನು ಸತ್ತುಹೋದ ಕಾಡಿನ ಬಿಸಿಲು ಸುಟ್ಟು, ಮೊಮ್ಮಕ್ಕಳ ಪಾಲಿನ ನೀರೆತ್ತಿ ಬೆಳೆಯುತ್ತಿದ್ದೇವೆ. ಹಿಂದಿನವರ ಗಂಟು, ಮುಂದಿನವರ ಗಂಟು, ಎರಡಕ್ಕೂ ಒಂದೇ ಸ್ವಿಚ್ಚು.

ತೆಂಗು ಉಳಿಸಿಕೊಳ್ಳಲು ಬೋರು ಕೊರೆಸಿದ ಸಣ್ಣ ರೈತನ ಮೇಲೆ ನನಗೆ ಸಿಟ್ಟಿಲ್ಲ. ಬರ ಬಂದು ಮರದ ಸುಳಿ ಒಣಗಿದಾಗ ಅವನ ಮನೆಯಲ್ಲಿ ಏನಾಗುತ್ತದೆ ಎಂಬುದು ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ನನ್ನ ಸಿಟ್ಟು ಬೇರೆ. ರಾಗಿ, ಜೋಳ, ಹುರುಳಿ ಬೆಳೆದು ಮಳೆಯಲ್ಲೇ ಬದುಕುತ್ತಿದ್ದ ಹೊಲವನ್ನು ಜೆಸಿಬಿ ಹಚ್ಚಿ ಮಟ್ಟ ಮಾಡಿಸಿ, ಮಲೆನಾಡಿನ ಅಡಿಕೆಯನ್ನು ಈ ಬಯಲಿಗೆ ತಂದು ನೆಟ್ಟು, ನಾಲ್ಕು ಬೋರು ಸಾಲದೆ ಐದನೆಯದಕ್ಕೆ ಗಾಡಿ ಕರೆಸುವ ದುಡ್ಡಿನವರ ಮೇಲೆ. ಸ್ವಾಮಿ, ನಿಮ್ಮ ಐದನೇ ಬೋರಿಗೆ ನೀರು ಸಿಕ್ಕಿದ ದಿನ ಪಕ್ಕದವನ ಒಂದೇ ಒಂದು ಬೋರು ಬತ್ತಿತು. ಅದು ನಿಮ್ಮ ಅದೃಷ್ಟವಲ್ಲ, ಅವನ ಪಾಲು.

ನೀರಿಲ್ಲದ ನಮಗೆ ನೀರು ತರಲು ಎತ್ತಿನಹೊಳೆ ಯೋಜನೆ ಬಂತು. ಸಕಲೇಶಪುರದ ಪಶ್ಚಿಮಕ್ಕೆ ಹರಿಯುವ ಹಳ್ಳಗಳಿಂದ 24 ಟಿಎಂಸಿ ನೀರೆತ್ತಿ ಬಯಲುಸೀಮೆಗೆ ಹರಿಸುವ ಲೆಕ್ಕ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ಅದಕ್ಕಾಗಿ ಘಟ್ಟದ ಕಾಡು ಸೀಳಿದೆ, ಗುಡ್ಡ ಕೊರೆದಿದೆ, ಎತ್ತುವ ಪ್ರತಿ ಹನಿಗೂ ಕರೆಂಟು ಬೇಕಿದೆ. ನಮ್ಮ ಬಾಯಾರಿಕೆಗೆ ಇನ್ನೊಂದು ಸೀಮೆಯ ಕಾಡು, ಹೊಳೆ, ಮೀನು ತೆತ್ತ ಬೆಲೆ ಅದು. ಕುಡಿಯುವ ನೀರೆಂದು ಹೇಳಿ ತಂದದ್ದು ಅಡಿಕೆ ಬುಡಕ್ಕೆ ಹರಿದರೆ ಘಟ್ಟದವರು ನಮ್ಮ ಮುಖಕ್ಕೆ ಉಗಿಯಬೇಕು, ಉಗಿಯುತ್ತಾರೆ.

ಇನ್ನು ವಿಷ. ಶಕ್ತಿ ಏಣಿ ಹತ್ತಿದಂತೆ ಕರಗುತ್ತದೆ ಎಂದೆನಲ್ಲ, ಕರಗದ ವಿಷ ಅದೇ ಏಣಿಯಲ್ಲಿ ಮೇಲೆ ಹೋದಂತೆ ಸಾಂದ್ರವಾಗುತ್ತದೆ. ಹತ್ತು ಪಾಲು ತಿಂದವನಲ್ಲಿ ಮೈಯಾಗುವುದು ಒಂದು ಪಾಲು, ಆದರೆ ಹತ್ತೂ ಪಾಲಿನ ವಿಷ ಉಳಿದುಬಿಡುತ್ತದೆ. ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ, ಪಡ್ರೆಯ ಕನ್ನಡ ಮನೆಗಳಲ್ಲಿ ಇವತ್ತಿಗೂ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿದ್ದಾರೆ. ಅಲ್ಲಿ ಊನಗೊಂಡು ಹುಟ್ಟಿದ ಕರುಗಳನ್ನು ಕಂಡು ಪತ್ರಕರ್ತ ಶ್ರೀಪಡ್ರೆಯವರು ಬರೆದಾಗ ಕೇಳಿದವರು ಕಡಿಮೆ. ಆ ವಿಷಕ್ಕೆ ದೇಶದಲ್ಲಿ ತಡೆ ಬಿದ್ದದ್ದು 2011ರಲ್ಲಿ. ಜಾನುವಾರಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಸತ್ತ ದನದ ಮಾಂಸದಲ್ಲಿ ಉಳಿದು ರಣಹದ್ದುಗಳ ಸಂತತಿಯನ್ನು ಬಹುಪಾಲು ಒರೆಸಿಹಾಕಿತು. 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸುವಾಗ ರಣಹದ್ದುಗಳು ಬೆರಳೆಣಿಕೆಯಷ್ಟೇ ಎನ್ನುವಂತೆ ಉಳಿದಿದ್ದವು. ನಮ್ಮ ತೆಂಗಿಗೆ ನುಸಿ ಬಂತು, ಕಪ್ಪುತಲೆ ಹುಳು ಬಂತು, ಬೇರಿಗೆ ಮೊನೊಕ್ರೊಟೊಫಾಸ್ ಕಟ್ಟಿದೆವು. ಕಪ್ಪುತಲೆ ಹುಳುವಿನ ಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಗೋನಿಯೋಜಸ್ ಎಂಬ ಸಣ್ಣ ಕಣಜವನ್ನು ತೋಟಗಾರಿಕೆ ಇಲಾಖೆಯವರೇ ಬೆಳೆಸಿ ಕೊಡುತ್ತಾರೆ. ಅದನ್ನು ಕೇಳಿ ಪಡೆಯುವವರ ಸಾಲು ಅಂಗಡಿಯ ಬಾಟಲಿಗೆ ನಿಲ್ಲುವವರ ಸಾಲಿನಷ್ಟು ಉದ್ದವಿಲ್ಲ, ಅಷ್ಟೇ.

"ಹಾಗಾದರೆ ಹುಲ್ಲು ತಿಂದು ಬದುಕೋಣವೇ?" ಎಂದು ಹುಡುಗರು ಕೇಳುತ್ತಾರೆ. ಹೌದು ತಮ್ಮಾ, ಹುಲ್ಲು ತಿಂದೇ ಬದುಕುತ್ತಿದ್ದೀಯ. ರಾಗಿಯೂ ಹುಲ್ಲೇ, ಜೋಳವೂ ಹುಲ್ಲೇ, ಭತ್ತವೂ ಹುಲ್ಲೇ. ಬೆಳಿಗ್ಗೆ ಕುಡಿದ ಹಾಲೂ ಹುಲ್ಲೇ. ಕಾವಲಿನಲ್ಲಿ ಮೇದ ಕುರಿಮಂದೆಯನ್ನು ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ನಿಲ್ಲಿಸಲು ನಿನ್ನ ಅಜ್ಜ ಕುರಿಯವರಿಗೆ ಕಾಳು ಕೊಟ್ಟು ಕರೆಯುತ್ತಿದ್ದ. ಊರಾಚೆಯ ಬಿಸಿಲನ್ನೂ ಸಾರವನ್ನೂ ಕುರಿಯ ಹೊಟ್ಟೆಯಲ್ಲಿ ತರಿಸಿಕೊಂಡು ತನ್ನ ಹೊಲಕ್ಕೆ ಇಳಿಸಿಕೊಳ್ಳುವ ಉಪಾಯ ಅದು. ಡೀಸೆಲ್ ಇಲ್ಲ, ಚೀಲವಿಲ್ಲ. ಈಗ ಕುರಿಯವರಿಗೆ ಮೇಯಿಸಲು ಕಾವಲಿಲ್ಲ, ಮಂದೆ ನಿಲ್ಲಿಸಲು ಹೊಲವಿಲ್ಲ, ಎಲ್ಲದಕ್ಕೂ ತಂತಿಬೇಲಿ. ಹೆದ್ದಾರಿ ಬದಿಯಲ್ಲಿ ಲಾರಿಗಳ ನಡುವೆ ಕುರಿ ಹೊಡೆದುಕೊಂಡು ಹೋಗುವ ಮನುಷ್ಯನನ್ನು ಕಂಡು ಹಾರನ್ ಹೊಡೆಯುತ್ತೇವೆ.

ನಾನು ಕೇಳುತ್ತಿರುವುದು ದೊಡ್ಡ ತ್ಯಾಗವಲ್ಲ. ಗರಿ ಸುಡುವುದನ್ನು ಈ ವರ್ಷವೇ ನಿಲ್ಲಿಸೋಣ, ಮರದ ಬುಡಕ್ಕೆ ಹಾಸೋಣ. ಸಿಪ್ಪೆ ಮಾರುವುದಿದ್ದರೂ ಅರ್ಧವನ್ನಾದರೂ ಗುಣಿಯಲ್ಲಿ ಹೂಳೋಣ. ಹೊಸ ಅಡಿಕೆಗೆ ಹೊಸ ಬೋರು ಬೇಡ ಎಂದು ಊರೂರಲ್ಲಿ ಕೂತು ಮಾತಾಡೋಣ; ಮಾತಾಡಲು ನಾಚಿಕೆ ಪಡಬೇಕಾದವರು ನಾವಲ್ಲ. ಗುಡ್ಡಕ್ಕೆ ಬೆಂಕಿ ಬಿದ್ದ ದಿನ ಮೊಬೈಲಿನಲ್ಲಿ ವಿಡಿಯೊ ಮಾಡದೆ ಹಸಿಸೊಪ್ಪು ಹಿಡಿದು ಹೊರಡೋಣ. ಮಳೆ ಸುರಿದರೆ ನಮ್ಮ ಬಯಲಿನ ನೀರು ವೇದಾವತಿಯ ಕಡೆಗೆ ಹರಿಯುವಂಥದ್ದು. 2022ರಲ್ಲಿ ಆ ಹೊಳೆಯ ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿತ್ತು, 89 ವರ್ಷಕ್ಕೆ. ಹಾಗೆ ಸುರಿದಾಗ ನೀರನ್ನು ನೆಲಕ್ಕೆ ಇಂಗಿಸುವುದು ಹುಲ್ಲಿನ ಬೇರು, ಕೆರೆಯ ಅಂಗಳ. ಎರಡನ್ನೂ ಒತ್ತುವರಿ ಮಾಡಿಕೊಂಡವರು ಯಾರೆಂದು ಊರಿಗೆಲ್ಲ ಗೊತ್ತು; ಹೇಳಲು ಬಾಯಿಲ್ಲ. ಬಾಯಿ ಬರಲಿ.

ಅದಕ್ಕೆ ಕಾನೂನಿನ ಬಲವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯ್ತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಹುಲ್ಲು, ಹಕ್ಕಿ, ಕೆರೆ, ಕಾವಲುಗಳನ್ನು ಬರೆದಿಟ್ಟ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ದಾಖಲಾತಿ ಪುಸ್ತಕ ಎಲ್ಲಿದೆ, ಅದನ್ನು ಬರೆದವರು ಯಾರು, ಬರೆಯುವಾಗ ಊರಿನ ಯಾರನ್ನು ಕೇಳಿದಿರಿ? ಕಚೇರಿಯ ಬೀರುವಿನಲ್ಲಿದ್ದರೆ ತರಿಸಿ ಎಲ್ಲರೆದುರು ಓದಿಸಿ. ಗರಿಕೆ, ಬಾದೆ, ಊಬಿನ ಹುಲ್ಲುಗಳ ಹೆಸರು ಅದರಲ್ಲಿಲ್ಲದಿದ್ದರೆ ಕುರಿ ಕಾಯುವ ಅಜ್ಜನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಬರೆಸಿ. ಸೊಪ್ಪು, ಬೇರು ಬಲ್ಲ ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿ. ಉಳಿದಿರುವ ಗೋಮಾಳ, ಗುಂಡುತೋಪು, ಕಾವಲುಗಳ ಅಳತೆಯನ್ನು ಅದರಲ್ಲಿ ಸೇರಿಸಿ ಠರಾವು ಮಾಡಿಸಿ, ಸಹಿ ಮಾಡುವ ತನಕ ಎದ್ದು ಹೋಗಬೇಡಿ. ಸಭೆಗೆ ಬರುವಾಗ ಖಾಲಿ ಕೈಯಲ್ಲಿ ಬರದೆ ನಿಮ್ಮೂರ ಗೋಮಾಳದ ಸರ್ವೆ ನಂಬರನ್ನೂ ಪಹಣಿಯ ಪ್ರತಿಯನ್ನೂ ಹಿಡಿದುಕೊಂಡು ಬನ್ನಿ.